ಹೆಸರು ತಿಳಿದು ಕೋಶ ತೆರೆಯಬೇಕು

'ದೇಶ ಸುತ್ತಬೇಕು, ಕೋಶ ಓದಬೇಕು' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೋಶ ಎಂದರೆ ಆ ಕಾಲದಲ್ಲಿ ನಿಘಂಟು, ಗ್ರಂಥ, ತಿಳಿವಳಿಕೆಯ ಭಂಡಾರ. ಇಂದು ಆ ಭಂಡಾರವು ಮೊಬೈಲ್ ದೂರವಾಣಿಯೊಳಗೆ ಬಂದು ಕುಳಿತಿದೆ. ಪದಗಳಿಗೆ ನಿಘಂಟು ಇರುವಂತೆ ಪದಾರ್ಥಗಳಿಗೂ ನಿಘಂಟುಗಳು ಉಂಟು. ಒಂದು ಪದಾರ್ಥದ ಹೆಸರು ಬರೆದರೆ ಸಾಕು; ಅದರ ಬಣ್ಣ, ತೂಕ, ಕರಗುವ ಬಿಂದು, ಕುದಿಯುವ ಬಿಂದು, ನೀರಿನಲ್ಲಿ ಕರಗುವ ಪ್ರಮಾಣ, ಅದರ ಅಣುವಿನ ರಚನೆಯ ಚಿತ್ರ, ಅದರಿಂದಾಗುವ ಅಪಾಯ, ಎಲ್ಲವೂ ಕ್ಷಣಮಾತ್ರದಲ್ಲಿ ಕಣ್ಣೆದುರಿಗೆ ಬರುತ್ತವೆ. ಇವನ್ನು ರಸಾಯನ ಕೋಶಗಳೆಂದು ಕರೆಯೋಣ.

ಕನ್ನಡ ಪಾಠ ಹೇಳುವವನಿಗೆ ರಸಾಯನಶಾಸ್ತ್ರದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈ ವರ್ಷ ನಮ್ಮ ಶಾಲೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಓದಿದ ಮೇಲೆ, ಈ ವಿಷಯದಲ್ಲಿ ಭಾಷೆಯ ಉಪಾಧ್ಯಾಯನಿಗೂ ಪಾಲು ಇದೆಯೆಂದು ತಾವು ಒಪ್ಪುವಿರೆಂದು ನಂಬಿದ್ದೇನೆ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನದ ಉಪಾಧ್ಯಾಯರು ಒಂದು ಕೆಲಸ ಕೊಟ್ಟಿದ್ದರು. ನಿತ್ಯಜೀವನದಲ್ಲಿ ಕಾಣುವ ಯಾವುದಾದರೂ ಒಂದು ರಾಸಾಯನಿಕ ಪದಾರ್ಥವನ್ನು ಆರಿಸಿಕೊಂಡು, ಅದರ ಗುಣಗಳನ್ನು ಹುಡುಕಿ ಬರೆದು ತರಬೇಕು. ಒಬ್ಬ ಹುಡುಗಿ ನಮ್ಮ ಸೀಮೆಯ ನೀರಿನ ವಿಷಯವನ್ನೇ ಆರಿಸಿಕೊಂಡಳು. ಕುಂದುರ್ಪಿ, ಕಲ್ಯಾಣದುರ್ಗ, ಹಿಂದೂಪುರ, ಆಚೆಗೆ ಪಾವಗಡ, ಎಲ್ಲಿ ಹೋದರೂ ಜನ 'ಫ್ಲೋರಿನ್ ನೀರು' ಎಂದು ಆಡಿಕೊಳ್ಳುವುದನ್ನು ಅವಳು ಹುಟ್ಟಿದಂದಿನಿಂದ ಕೇಳಿದ್ದಳು. ಅಣ್ಣನ ಮೊಬೈಲಿನಲ್ಲಿ ರಸಾಯನ ಕೋಶವನ್ನು ತೆರೆದು, ಇಂಗ್ಲಿಷಿನಲ್ಲಿ ಫ್ಲೋರಿನ್ ಎಂದು ಬರೆದು ಹುಡುಕಿದಳು. ಕೋಶವು ಉತ್ತರ ಕೊಟ್ಟಿತು: ಇದು ತಿಳಿಹಳದಿ ಬಣ್ಣದ ಅನಿಲ, ಬಹಳ ವಿಷಕಾರಿ, ಕುದಿಯುವ ಬಿಂದು ಸೊನ್ನೆಗಿಂತ 188 ಡಿಗ್ರಿ ಕೆಳಗೆ.

ಹುಡುಗಿ ಜಾಣೆ. ಬರಿಯ ನಕಲು ಮಾಡದೆ ತಾನೇ ಯೋಚಿಸಿ ಕೊನೆಯಲ್ಲಿ ಹೀಗೆ ಬರೆದಿದ್ದಳು: 'ನಮ್ಮ ನೀರಿನಲ್ಲಿ ಈ ವಿಷಾನಿಲ ಬೆರೆತಿದೆ. ಇದು ಅನಿಲವಾದ್ದರಿಂದ ನೀರನ್ನು ಚೆನ್ನಾಗಿ ಕುದಿಸಿದರೆ ಹಾರಿ ಹೋಗುತ್ತದೆ. ಆದ್ದರಿಂದ ಎಲ್ಲರೂ ನೀರನ್ನು ಬಹಳ ಹೊತ್ತು ಕುದಿಸಿ ಕುಡಿಯಬೇಕು.' ಮನೆಯಲ್ಲಿ ಅಜ್ಜಿಗೂ ಇದನ್ನೇ ಹೇಳಿದ್ದಳು. ಮೊಮ್ಮಗಳು ಓದಿದವಳು, ಅವಳ ಮಾತು ಸುಳ್ಳಾಗುವುದುಂಟೇ ಎಂದು ಅಜ್ಜಿ ಅಂದಿನಿಂದ ಒಲೆಯ ಮೇಲೆ ನೀರಿಟ್ಟು ಮುಕ್ಕಾಲು ಪಾಲು ಆಗುವವರೆಗೆ ಕುದಿಸತೊಡಗಿದ್ದರಂತೆ.

ವಿಜ್ಞಾನದ ಉಪಾಧ್ಯಾಯರು ಆ ಹಾಳೆಯನ್ನು ನನ್ನ ಮುಂದೆ ಇಟ್ಟು, 'ಇದರಲ್ಲಿ ಕನ್ನಡ ತಪ್ಪಿಲ್ಲ, ತರ್ಕವೂ ತಪ್ಪಿಲ್ಲ. ಆದರೂ ಪೂರ್ತಿ ತಪ್ಪು' ಎಂದರು. ಹುಡುಗಿಯನ್ನು ಕರೆಸಿದೆವು. ಅವಳು ಕಣ್ಣಲ್ಲಿ ನೀರು ತಂದುಕೊಂಡು, 'ಸಾರ್, ಕೋಶದಲ್ಲಿ ಇದ್ದುದನ್ನೇ ಬರೆದೆನಲ್ಲ?' ಎಂದಳು.

ಅವಳು ಹೇಳಿದ್ದು ನಿಜ. ಕೋಶವು ಸುಳ್ಳು ಹೇಳಿರಲಿಲ್ಲ. ಅವಳು ಕೇಳಿದ ಪದಾರ್ಥದ ಗುಣಗಳನ್ನೇ ಅದು ಹೇಳಿತ್ತು. ಆದರೆ ನಮ್ಮ ನೀರಿನಲ್ಲಿರುವುದು ಅವಳು ಕೇಳಿದ ಪದಾರ್ಥವಲ್ಲ. ನೀರಿನಲ್ಲಿರುವುದು ಫ್ಲೋರಿನ್ ಅಲ್ಲ, ಫ್ಲೋರೈಡ್. ಊರಿನವರೆಲ್ಲ ಬಾಯಿಗೆ ಸುಲಭವೆಂದು ಆಡುವ ಹೆಸರೇ ತಪ್ಪಾಗಿತ್ತು. ತಪ್ಪು ವಿಳಾಸ ಬರೆದ ಕಾಗದವನ್ನು ಅಂಚೆಯವನು ಸರಿಯಾದ ಮನೆಗೆ ಹೇಗೆ ತಲುಪಿಸಿಯಾನು?

ಇವೆರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ, ಅಡುಗೆಯ ಉಪ್ಪನ್ನು ನೆನೆಯಿರಿ. ಕ್ಲೋರಿನ್ ಒಂದು ವಿಷಾನಿಲ. ಆದರೆ ಅದೇ ಕ್ಲೋರಿನ್ನಿನ ಪರಮಾಣು ಒಂದು ಎಲೆಕ್ಟ್ರಾನನ್ನು ಪಡೆದು ಕ್ಲೋರೈಡ್ ಆಗಿ ಸೋಡಿಯಂ ಜೊತೆ ಸೇರಿದಾಗ ನಮ್ಮ ಸಾರಿಗೆ ಹಾಕುವ ಉಪ್ಪು. ಹಾಗೆಯೇ ಫ್ಲೋರಿನ್ ಅನಿಲ ಬೇರೆ, ನೀರಿನಲ್ಲಿ ಕರಗಿರುವ ಫ್ಲೋರೈಡ್ ಬೇರೆ. ಹೆಸರಿನ ಕೊನೆಯ ತುಣುಕು ಬದಲಾಯಿತು, ಪದಾರ್ಥವೇ ಬದಲಾಯಿತು. ಇದು ಕನ್ನಡ ವ್ಯಾಕರಣ ಓದಿದ ಮಕ್ಕಳಿಗೆ ಹೊಸದೇನಲ್ಲ. 'ಮನೆಗೆ' ಎಂದರೆ ಹೋಗುವುದು, 'ಮನೆಯಿಂದ' ಎಂದರೆ ಬರುವುದು. ಪ್ರಕೃತಿ ಒಂದೇ, ಪ್ರತ್ಯಯ ಬೇರೆ, ಅರ್ಥವು ತಿರುವುಮುರುವಾಗುತ್ತದೆ. ಪ್ರತ್ಯಯವನ್ನು ಲಕ್ಷಿಸದವನು ವಾಕ್ಯವನ್ನು ಕೆಡಿಸಿಕೊಂಡರೆ ಅಂಕ ಹೋಗುತ್ತದೆ. ಇಲ್ಲಿ ಕೆಡುವುದು ಆರೋಗ್ಯ.

ಏಕೆಂದರೆ ಫ್ಲೋರೈಡ್ ಕುದಿಸಿದರೆ ಹೋಗುವಂಥದಲ್ಲ. ಸೋಡಿಯಂ ಫ್ಲೋರೈಡ್ ಎಂದು ಸರಿಯಾಗಿ ಬರೆದು ಅದೇ ಕೋಶವನ್ನು ಕೇಳಿದೆವು. ಅದು ಬಿಳಿಯ ಘನಪದಾರ್ಥ. ಕರಗಬೇಕಾದರೆ 990 ಡಿಗ್ರಿಗೂ ಹೆಚ್ಚು ಶಾಖ ಬೇಕು. ಕುದಿಯಬೇಕಾದರೆ ಸುಮಾರು 1,700 ಡಿಗ್ರಿ ಬೇಕು. ನೀರು 100 ಡಿಗ್ರಿಗೆ ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಇರುವ 4 ಲೀಟರ್ ನೀರನ್ನು 3 ಲೀಟರ್ ಆಗುವವರೆಗೆ ಕುದಿಸಿದೆವೆನ್ನಿ. ಒಟ್ಟು 6 ಮಿಲಿಗ್ರಾಂ ಹಾಗೆಯೇ ಉಳಿದು, ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಅಂದರೆ ಮೊಮ್ಮಗಳ ಮೇಲಿನ ಅಕ್ಕರೆಯಿಂದ ಸೌದೆ ಸುಟ್ಟು ಅಜ್ಜಿ ಮಾಡುತ್ತಿದ್ದುದು ನೀರನ್ನು ಮತ್ತಷ್ಟು ಕೆಡಿಸುವ ಕೆಲಸ. (ಪೋಷಕರು ಇದನ್ನು ಓದಿ ನೀರು ಕುದಿಸುವುದನ್ನೇ ಬಿಡಬಾರದು. ಕುದಿಸಿದರೆ ರೋಗದ ಕ್ರಿಮಿಗಳು ಸಾಯುತ್ತವೆ. ಒಂದು ಕುದಿ ಬಂದು ಸ್ವಲ್ಪ ಹೊತ್ತು ಕುದಿದರೆ ಅದಕ್ಕೆ ಸಾಕು. ಫ್ಲೋರೈಡಿಗೆ ಮಾತ್ರ ಅದು ಮದ್ದಲ್ಲ.)

ನಮ್ಮ ನಾಡಿನಲ್ಲಿ ಇದು ಆಟದ ಮಾತಲ್ಲ. 1937ರಲ್ಲಿಯೇ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಜನರಿಗೆ ಈ ನೀರಿನಿಂದಾಗುವ ಮೂಳೆಯ ರೋಗವನ್ನು ವೈದ್ಯರು ಗುರುತಿಸಿ ಬರೆದಿಟ್ಟರು. ಚಿಕ್ಕಂದಿನಲ್ಲಿ ಹಲ್ಲು ರೂಪುಗೊಳ್ಳುವ ಕಾಲಕ್ಕೆ ಈ ನೀರು ಹೆಚ್ಚಾಗಿ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಬಹುಕಾಲ ಕುಡಿದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಗುಂಪಿನ ಭಾವಚಿತ್ರ ತೆಗೆಯುವಾಗ ಬಾಯಿ ಮುಚ್ಚಿಕೊಂಡು ನಗುವ ಮಕ್ಕಳನ್ನು ನಾನು ಪ್ರತಿವರ್ಷ ನೋಡುತ್ತೇನೆ. ಅದು ಆ ಮಕ್ಕಳ ತಪ್ಪಲ್ಲ, ಹಲ್ಲುಜ್ಜದ ಸೋಮಾರಿತನವೂ ಅಲ್ಲ. ಭಾರತದ ಮಾನಕ ಸಂಸ್ಥೆಯು ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದೆಂದೂ, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಆಗಬಹುದೆಂದೂ ಗೊತ್ತುಮಾಡಿದೆ. 1995ರಲ್ಲಿ ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಟ್ರಸ್ಟಿನ ಯೋಜನೆಯಿಂದ ಅಂದಿನ ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಗ್ರಾಮಗಳಿಗೆ ನೀರು ಒದಗಿಸಬೇಕಾಗಿ ಬಂದುದು ಈ ತೊಂದರೆಯ ಗಾತ್ರವನ್ನು ತೋರಿಸುತ್ತದೆ. ಇಂಥ ಸೀಮೆಯ ಮಗು ರಸಾಯನ ಕೋಶದಲ್ಲಿ ಒಂದು ಹೆಸರನ್ನು ಸರಿಯಾಗಿ ಹುಡುಕಲು ಕಲಿಯುವುದು ಪರೀಕ್ಷೆಗಾಗಿ ಮಾತ್ರವಲ್ಲ.

ಹಾಗಾದರೆ ಕೋಶವನ್ನು ತೆರೆಯುವ ಕ್ರಮ ಯಾವುದು? ನನಗೆ ತೋರಿದ ಮಟ್ಟಿಗೆ, ಮತ್ತು ವಿಜ್ಞಾನದ ಉಪಾಧ್ಯಾಯರು ತಿದ್ದಿಕೊಟ್ಟ ಮಟ್ಟಿಗೆ, ಇಲ್ಲಿ ಹೇಳುತ್ತೇನೆ.

ಮೊದಲು ಈ ಕೋಶಗಳ ವಂಶವೃಕ್ಷವನ್ನು ತಿಳಿಯೋಣ. ಇವು ಮೊಬೈಲಿನ ಜೊತೆಗೆ ಹುಟ್ಟಿದವಲ್ಲ. ಬೈಲ್‌ಸ್ಟೈನ್ ಎಂಬ ರಸಾಯನಶಾಸ್ತ್ರಜ್ಞನು ಇಂಗಾಲದ ಸಂಯುಕ್ತಗಳ ಗುಣಗಳನ್ನೆಲ್ಲ ಒಟ್ಟುಗೂಡಿಸಿ ಗ್ರಂಥವಾಗಿ ಪ್ರಕಟಿಸಲು ತೊಡಗಿದ್ದು 1881ರಲ್ಲಿ. ನಮ್ಮ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಹೆಚ್ಚುಕಡಮೆ ಒಂದೇ ಕಾಲದಲ್ಲಿ ಒಬ್ಬರು ಪದಗಳನ್ನೂ ಇನ್ನೊಬ್ಬರು ಪದಾರ್ಥಗಳನ್ನೂ ಕೂಡಿಸುತ್ತಿದ್ದರು. 1965ರಲ್ಲಿ ಅಮೆರಿಕದ ರಸಾಯನ ಸಂಘದವರು ಪ್ರತಿಯೊಂದು ಪದಾರ್ಥಕ್ಕೂ ಒಂದು ನೋಂದಣಿ ಸಂಖ್ಯೆ ಕೊಡುವ ಪದ್ಧತಿಯನ್ನು ಆರಂಭಿಸಿದರು. ಅದಕ್ಕೆ ಕ್ಯಾಸ್ ಸಂಖ್ಯೆ ಎಂದು ಹೆಸರು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಪಬ್‌ಕೆಮ್ ಎಂಬ ಕೋಶವನ್ನು ಲೋಕಕ್ಕೆಲ್ಲ ಉಚಿತವಾಗಿ ತೆರೆದರು. ಇಂದು ಅದರಲ್ಲಿ ಹನ್ನೊಂದು ಕೋಟಿಗೂ ಹೆಚ್ಚು ಸಂಯುಕ್ತಗಳಿವೆ. ನಮ್ಮ ದೇಶದವರೂ ಕೈಕಟ್ಟಿ ಕುಳಿತಿಲ್ಲ. ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯವರು 2018ರಲ್ಲಿ ಭಾರತದ ಔಷಧಿ ಸಸ್ಯಗಳ ರಾಸಾಯನಿಕಗಳಿಗಾಗಿ ಇಂಪ್ಯಾಟ್ ಎಂಬ ಕೋಶವನ್ನು ರಚಿಸಿದರು. ಅದರ ಎರಡನೆಯ ಆವೃತ್ತಿಯಲ್ಲಿ 4,010 ಸಸ್ಯಗಳೂ 17,967 ರಾಸಾಯನಿಕಗಳೂ ಇವೆ. ಇವನ್ನು ನೋಡಲು ಒಂದು ಕಾಸೂ ಕೊಡಬೇಕಿಲ್ಲ.

ಇಷ್ಟು ದೊಡ್ಡ ಭಂಡಾರದಲ್ಲಿ ಹೆಸರೊಂದನ್ನೇ ನಂಬಿ ಹೊರಟರೆ ದಾರಿ ತಪ್ಪುವುದು ಖಂಡಿತ. 'ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ' ಎಂಬ ಗಾದೆಯನ್ನು ಇಲ್ಲಿ ನೆನೆಯಬಹುದು. ಹೆಸರು ಊರಿನಿಂದ ಊರಿಗೆ, ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾ, ಗೋಲಿ ಸೋಡಾ, ಕಾಸ್ಟಿಕ್ ಸೋಡಾ, ಈ ನಾಲ್ಕೂ ನಮಗೆ ಸೋಡಾಗಳೇ. ಒಂದು ದೋಸೆಹಿಟ್ಟಿಗೆ ಹಾಕುವುದು, ಒಂದು ಕೊಳೆ ತೆಗೆಯುವುದು, ಒಂದು ಬಾಯಾರಿಕೆಗೆ ಕುಡಿಯುವುದು, ಇನ್ನೊಂದು ಕೈ ಮೇಲೆ ಬಿದ್ದರೆ ಚರ್ಮವನ್ನು ಸುಡುವುದು. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಪಟಿಕ ಎಂದರೆ ನೀರು ತಿಳಿಯಾಗಿಸುವ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಒರೆಸುವ ಆಲಂ. ಆದರೆ ತೆಲುಗಿನಲ್ಲಿ ಪಟಿಕ ಬೆಲ್ಲಂ ಎಂದರೆ ನಾವು ಕನ್ನಡದಲ್ಲಿ ಕಲ್ಲುಸಕ್ಕರೆ ಎನ್ನುವ ಸಿಹಿ. ನೋಟಕ್ಕೂ ಎರಡೂ ಬಿಳಿಯ ಹರಳುಗಳೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ರಸಾಯನಶಾಲೆಯಲ್ಲಿ ಇದ್ದಷ್ಟು ನಿಜ ಇನ್ನೆಲ್ಲಿಯೂ ಇಲ್ಲ.

ಪಟಿಕದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನ ಸಂಸ್ಥೆಯವರು 1970ರ ದಶಕದಲ್ಲಿ ಫ್ಲೋರೈಡನ್ನು ತೆಗೆಯಲು ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ಬಳಸುವ ಒಂದು ಕ್ರಮವನ್ನು ಕಂಡುಹಿಡಿದರು. ಅದಕ್ಕೆ ನಲ್ಗೊಂಡ ವಿಧಾನ ಎಂದು ಹೆಸರು. ಇದನ್ನು ಕೇಳಿದ ಒಬ್ಬ ಹುಡುಗ, 'ಹಾಗಾದರೆ ಅಂಗಡಿಯಿಂದ ಒಂದು ತುಂಡು ಪಟಿಕ ತಂದು ಬಿಂದಿಗೆಗೆ ಹಾಕಿದರಾಯಿತಲ್ಲ ಸಾರ್' ಎಂದ. ಅಂಗಡಿಯ ಪಟಿಕವು ಸಾಮಾನ್ಯವಾಗಿ ಪೊಟ್ಯಾಸಿಯಂ, ಅಲ್ಯೂಮಿನಿಯಂ ಎರಡೂ ಇರುವ ಸಲ್ಫೇಟ್. ಅದರಲ್ಲಿ ಹನ್ನೆರಡು ನೀರಿನ ಅಣುಗಳು ಸೇರಿವೆ. ನೀರಿನ ಘಟಕಗಳಲ್ಲಿ ಬಳಸುವುದು ಅಲ್ಯೂಮಿನಿಯಂ ಸಲ್ಫೇಟ್. ಎರಡನ್ನೂ ಪಟಿಕವೆಂದೇ ಕರೆಯುತ್ತಾರೆ. ಕೋಶದಿಂದ ಅಣುತೂಕ ತೆಗೆದು ಕರಿಹಲಗೆಯ ಮೇಲೆ ಲೆಕ್ಕ ಮಾಡಿದೆವು. ಮೊದಲನೆಯದರ ಅಣುತೂಕ ಸುಮಾರು 474. ಅದರಲ್ಲಿ ಅಲ್ಯೂಮಿನಿಯಂ ನೂರಕ್ಕೆ 5.7 ಭಾಗ. ಎರಡನೆಯದು ಹದಿನೆಂಟು ನೀರಿನ ಅಣುಗಳೊಡನೆ ಇದ್ದರೆ ಅಣುತೂಕ ಸುಮಾರು 666. ಅಲ್ಯೂಮಿನಿಯಂ ನೂರಕ್ಕೆ 8.1 ಭಾಗ. ಒಂದೇ ತೂಕ ಹಾಕಿದರೂ ಕೆಲಸ ಒಂದೇ ಆಗದು. ಹಾಕಬೇಕಾದ ಪ್ರಮಾಣವಾದರೂ ನೀರಿನಲ್ಲಿ ಎಷ್ಟು ಫ್ಲೋರೈಡ್, ಎಷ್ಟು ಕ್ಷಾರ ಇದೆಯೆಂಬುದನ್ನು ಅವಲಂಬಿಸಿದೆ. ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಆದುದರಿಂದ ಇದು ತಿಳಿದವರ ಉಸ್ತುವಾರಿಯಲ್ಲಿ ನಡೆಯಬೇಕಾದ ಕೆಲಸ. ಮನೆಯಲ್ಲಿ ಕೈಯಳತೆಯಿಂದ ಮಾಡುವುದಲ್ಲ.

ಹೆಸರಿನ ತೊಡಕಿಗೆ ಪರಿಹಾರವೆಂದರೆ ಒಂದಕ್ಕೆ ಮೂರು ಸಾಕ್ಷಿ ಕೇಳುವುದು. ಹೆಸರು ಒಂದು ಸಾಕ್ಷಿ, ಸೂತ್ರ ಎರಡನೆಯದು, ಸಂಖ್ಯೆ ಮೂರನೆಯದು. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಗುಣಗಳ ಪಟ್ಟಿಗೆ ಕೈಹಾಕಬೇಕು. ಫ್ಲೋರಿನ್ ಅನಿಲದ ಸಂಖ್ಯೆ 7782-41-4. ಫ್ಲೋರೈಡಿನ ಸಂಖ್ಯೆ 16984-48-8. ಸೋಡಿಯಂ ಫ್ಲೋರೈಡಿನದು 7681-49-4. ಹೆಸರುಗಳು ಅಣ್ಣತಮ್ಮಂದಿರಂತೆ ಕಂಡರೂ ಸಂಖ್ಯೆಗಳು ಬೇರೆ ಬೇರೆ ಮನೆಯವು. ಈ ಸಂಖ್ಯೆಯ ಕೊನೆಯ ಅಂಕಿಯೊಂದು ಕಾವಲುಗಾರ. ನೀರಿನ ಸಂಖ್ಯೆ 7732-18-5 ಎಂಬುದನ್ನು ತೆಗೆದುಕೊಳ್ಳಿ. ಕೊನೆಯ 5ನ್ನು ಬಿಟ್ಟು, ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ ಕ್ರಮವಾಗಿ 1, 2, 3, 4, 5, 6ರಿಂದ ಗುಣಿಸಿರಿ. 8, 2, 6, 12, 35, 42 ಬರುತ್ತವೆ. ಕೂಡಿಸಿದರೆ 105. ಅದರ ಕೊನೆಯ ಅಂಕಿ 5, ಕಾವಲುಗಾರನೂ 5. ನಕಲು ಮಾಡುವಾಗ ಒಂದು ಅಂಕಿ ತಪ್ಪಾಗಿ ಬರೆದರೆ ಸಾಮಾನ್ಯವಾಗಿ ಲೆಕ್ಕ ಹೊಂದುವುದಿಲ್ಲ. ಮಕ್ಕಳೇ, ಮೇಲಿನ ಮೂರು ಸಂಖ್ಯೆಗಳನ್ನು ನಾನು ಸರಿಯಾಗಿ ಬರೆದಿದ್ದೇನೆಯೇ ಎಂದು ನೀವೇ ಪರೀಕ್ಷಿಸಿ ನೋಡಿರಿ. ಉಪಾಧ್ಯಾಯರು ಬರೆದದ್ದೆಂದು ಸುಮ್ಮನೆ ನಂಬಬೇಡಿ.

ಕೆಲವೊಮ್ಮೆ ಸೂತ್ರವೊಂದೇ ಸಾಲದು, ರಚನೆಯನ್ನೂ ನೋಡಬೇಕು. 'ಸರ' ಮತ್ತು 'ರಸ' ಎಂಬ ಎರಡು ಪದಗಳಲ್ಲಿ ಅಕ್ಷರಗಳು ಅವೇ ಎರಡು. ಕ್ರಮ ಬದಲಾದೊಡನೆ ಒಂದು ಕೊರಳಿಗೆ, ಒಂದು ಲೋಟಕ್ಕೆ. ಹಾಗೆಯೇ ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕದ ಪರಮಾಣುಗಳನ್ನು ಒಂದು ರೀತಿ ಜೋಡಿಸಿದರೆ 78 ಡಿಗ್ರಿಯಲ್ಲಿ ಕುದಿಯುವ ಈಥೈಲ್ ಆಲ್ಕೋಹಾಲ್ ದ್ರವ. ಆಮ್ಲಜನಕವನ್ನು ಎರಡು ಇಂಗಾಲಗಳ ನಡುವೆ ಕೂರಿಸಿದರೆ ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿದುಹೋಗುವ ಡೈಮೀಥೈಲ್ ಈಥರ್ ಅನಿಲ. ಇದಕ್ಕಾಗಿಯೇ ಕೋಶಗಳಲ್ಲಿ ಅಣುವಿನ ಚಿತ್ರ ಬರೆದು ಹುಡುಕುವ ಸೌಕರ್ಯವನ್ನೂ ಇಟ್ಟಿದ್ದಾರೆ. ಚಿತ್ರಕ್ಕೆ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ.

ಇನ್ನು ಅಂಕಿಗಳ ವಿಷಯ. ಅಂಕಿಯ ಪಕ್ಕದ ಅಳತೆಯನ್ನು ಓದದೆ ಅಂಕಿಯನ್ನು ಬರೆಯಬಾರದು. ಕ್ಯಾಲ್ಸಿಯಂ ಫ್ಲೋರೈಡ್ ನಮ್ಮ ಸೀಮೆಯಂಥ ಗ್ರಾನೈಟ್ ಜಾತಿಯ ಕಲ್ಲುನೆಲದಲ್ಲಿ ದೊರೆಯುವ ಖನಿಜ. ಅದು ನೀರಿನಲ್ಲಿ ಕರಗುವುದಿಲ್ಲ ಎಂದು ಪಾಠದಲ್ಲಿ ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಕೋಶವು ಹಾಗೆ ಹೇಳುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಸುಮಾರು 0.016 ಗ್ರಾಂ ಕರಗುತ್ತದೆ ಎನ್ನುತ್ತದೆ. ಇಷ್ಟೇ ತಾನೇ ಎನಿಸೀತು. ಆದರೆ 0.016 ಗ್ರಾಂ ಎಂದರೆ 16 ಮಿಲಿಗ್ರಾಂ; ಅದರಲ್ಲಿ ಫ್ಲೋರೈಡಿನ ಪಾಲು ಹೆಚ್ಚುಕಡಮೆ ಅರ್ಧ, 7.8 ಮಿಲಿಗ್ರಾಂ. ಕುಡಿಯುವ ನೀರಿನ ಮಿತಿಯೋ 1.5. ಕರಗದ ಕಲ್ಲು ಎಂದುಕೊಂಡದ್ದೇ ಮಿತಿಯ ಐದು ಪಟ್ಟು ಕೊಡಬಲ್ಲದು! ಇದು ಶುದ್ಧ ನೀರಿನ ಲೆಕ್ಕ. ನೆಲದೊಳಗಿನ ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಹೆಚ್ಚಿದ್ದರೆ ಇಷ್ಟು ಕರಗುವುದಿಲ್ಲ; ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರ ಹೆಚ್ಚಿದ್ದರೆ ಫ್ಲೋರೈಡ್ ಹೆಚ್ಚುತ್ತದೆ. ಒಂದೇ ಊರಿನ ಎರಡು ಬೋರುಗಳ ನೀರು ಬೇರೆ ಬೇರೆಯಾಗಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಯೇ ಕೋಶದ ಮಿತಿಯೂ ಕಾಣುತ್ತದೆ. ಅದು ಫ್ಲೋರೈಡಿನ ಗುಣ ಹೇಳಬಲ್ಲದು; ನಮ್ಮ ಬೀದಿಯ ಬೋರಿನಲ್ಲಿ ಎಷ್ಟು ಫ್ಲೋರೈಡ್ ಇದೆಯೆಂದು ಹೇಳಲಾರದು. ಅದಕ್ಕೆ ಸೀಸೆಯಲ್ಲಿ ನೀರು ತುಂಬಿ ಗ್ರಾಮೀಣ ನೀರು ಸರಬರಾಜು ಇಲಾಖೆಯ ಪ್ರಯೋಗಶಾಲೆಗೇ ಕಳುಹಿಸಬೇಕು. ಬಣ್ಣ, ರುಚಿ, ವಾಸನೆಗಳಿಂದ ಫ್ಲೋರೈಡ್ ಗೊತ್ತಾಗುವುದಿಲ್ಲ. ಕೋಶವನ್ನೇ ಸರ್ವಜ್ಞನೆಂದು ಭಾವಿಸುವುದೂ ಅದನ್ನು ತೆರೆಯದೇ ಇರುವಷ್ಟೇ ದೊಡ್ಡ ತಪ್ಪು.

ಈಗ ಪೋಷಕರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಬರುತ್ತೇನೆ. 'ಈ ಕೋಶಗಳೆಲ್ಲ ಇಂಗ್ಲಿಷಿನಲ್ಲಿವೆ. ಆಂಧ್ರದಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಇವು ಎಟುಕುತ್ತವೆಯೇ? ಸುಮ್ಮನೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದರೆ ಚೆನ್ನಾಗಿರುತ್ತಿತ್ತಲ್ಲವೇ?' ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ. ಕೋಶಗಳ ಭಾಷೆ ಇಂಗ್ಲಿಷೆಂಬುದು ನಿಜ. ಅದರಿಂದ ನಮ್ಮ ಮಕ್ಕಳಿಗೆ ಒಂದು ಮೆಟ್ಟಿಲು ಹೆಚ್ಚೆಂಬುದೂ ನಿಜ. ಆದರೆ ಆ ಹುಡುಗಿ ಎಡವಿದ್ದು ಇಂಗ್ಲಿಷ್ ಬಾರದೆ ಅಲ್ಲ. ಅವಳು ಇಂಗ್ಲಿಷಿನಲ್ಲಿಯೇ ಹುಡುಕಿದಳು, ಇಂಗ್ಲಿಷಿನಲ್ಲಿಯೇ ಓದಿದಳು. ಎಡವಿದ್ದು ಫ್ಲೋರಿನ್ನಿಗೂ ಫ್ಲೋರೈಡಿಗೂ ಇರುವ ಭೇದವನ್ನು ಯಾವ ಭಾಷೆಯಲ್ಲಿಯೂ ಯಾರೂ ಅವಳಿಗೆ ಬಿಡಿಸಿ ಹೇಳದೆ ಇದ್ದುದರಿಂದ. ಆ ಭೇದವನ್ನು ಉಪ್ಪಿನ ಉದಾಹರಣೆಯಿಂದ ಕನ್ನಡದಲ್ಲಿ ಹೇಳಿದಾಗ ಐದು ನಿಮಿಷದಲ್ಲಿ ಅರ್ಥವಾಯಿತು. ಕೋಶದ ಪುಟವನ್ನು ಓದಲು ಬೇಕಾದ ಇಂಗ್ಲಿಷ್ ಪದಗಳು ಬಹಳವೇನಿಲ್ಲ. ಕರಗುವ ಬಿಂದು, ಕುದಿಯುವ ಬಿಂದು, ಸಾಂದ್ರತೆ, ವಿಲೇಯತೆ, ಅಣುತೂಕ, ವಿಷ, ದಹನಶೀಲ, ಹೀಗೆ ಒಂದೈವತ್ತು ಪದಗಳ ಇಂಗ್ಲಿಷ್ ರೂಪ ಕಲಿತರೆ ಬಾಗಿಲು ತೆರೆಯುತ್ತದೆ. ಒಳಗೆ ಹೋದಮೇಲೆ ಬೇಕಾದುದು ವಿಚಾರಶಕ್ತಿ. ಅದು ತಾಯ್ನುಡಿಯಲ್ಲಿಯೇ ಗಟ್ಟಿಯಾಗುವುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕನ್ನಡಕ್ಕೆ ವಿಜ್ಞಾನ ಹೊಸದೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರರೂ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ. ಅಂದು ಅವರಿಗೆ ಪಾರಿಭಾಷಿಕ ಪದಗಳನ್ನೇ ಹೊಸದಾಗಿ ಟಂಕಿಸಬೇಕಾಗಿತ್ತು. ಆ ಕೆಲಸದ ಫಲವನ್ನು ನಾವು ಉಣ್ಣುತ್ತಿದ್ದೇವೆ. ಮುಂದಿನ ಕೆಲಸ ನಮ್ಮ ಪಾಲಿನದು. ಕನ್ನಡದ ಉಪಾಧ್ಯಾಯರು ಕಾವ್ಯದ ಪದಗಳಿಗೆ ಅರ್ಥ ಬರೆಸುವಂತೆ ಪದಾರ್ಥಗಳ ಹೆಸರಿಗೂ ಅರ್ಥ ಬರೆಸಬೇಕು. ಇದನ್ನು ಈವರೆಗೆ ಮಾಡದೆ ಇದ್ದವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳುತ್ತೇನೆ.

ಪೋಷಕರಲ್ಲಿ ಬಹುಮಂದಿ ಕಡಲೆಕಾಯಿ ಬೆಳೆಯುವ ರೈತರು. ಅವರಿಗೂ ಇದರಿಂದ ಪ್ರಯೋಜನವುಂಟು. ಕೀಟನಾಶಕದ ಡಬ್ಬಿಯ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಮಾರಾಟದ ಹೆಸರು. ಒಳಗಿರುವ ವಿಷದ ನಿಜನಾಮ ಸಣ್ಣ ಅಕ್ಷರದಲ್ಲಿರುತ್ತದೆ. ಕೋಶದಲ್ಲಿ ಹುಡುಕಬೇಕಾದುದು ಆ ಸಣ್ಣ ಅಕ್ಷರದ ಹೆಸರು. ಡಬ್ಬಿಯ ಮೇಲಿನ ಬಣ್ಣವನ್ನೂ ಮಕ್ಕಳು ಮನೆಯವರಿಗೆ ಓದಿ ಹೇಳಬಹುದು: ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರನ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಡು 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಇದ್ದುದು ಪರೀಕ್ಷೆಯಿಂದ ತಿಳಿಯಿತು. ಖಾಲಿ ಡಬ್ಬಿಯನ್ನು ಎಣ್ಣೆಗೋ ನೀರಿಗೋ ಬಳಸಬಾರದೆಂಬುದಕ್ಕೆ ಇದಕ್ಕಿಂತ ಘೋರವಾದ ಪಾಠ ಬೇಕಿಲ್ಲ. ಯಾರಾದರೂ ವಿಷ ಸೋಂಕಿ ಅಸ್ವಸ್ಥರಾದರೆ ಮಾತ್ರ ಕೋಶ ನೋಡುತ್ತಾ ಕೂರಬಾರದು. ಡಬ್ಬಿಯನ್ನು ಸಂಗಡ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಓಡಬೇಕು. ನಿಜವಾದ ಹೆಸರು ವೈದ್ಯರ ಕೈಗೆ ಬೇಗ ಸಿಕ್ಕಷ್ಟೂ ಒಳ್ಳೆಯದು.

ಕೊನೆಗೆ ನನ್ನದೊಂದು ಸಲಹೆ. ನಮ್ಮ ಶಾಲೆಯಲ್ಲಿ ಒಂದು 'ಹೆಸರಿನ ಪುಸ್ತಕ' ಇಡೋಣ. ಪ್ರತಿ ಪುಟದಲ್ಲಿ ಐದು ಕಲಂ. ಮೊದಲನೆಯದರಲ್ಲಿ ಮನೆಯಲ್ಲಿ ಆಡುವ ಕನ್ನಡದ ಹೆಸರು, ಎರಡನೆಯದರಲ್ಲಿ ತೆಲುಗಿನ ಹೆಸರು, ಮೂರನೆಯದರಲ್ಲಿ ಇಂಗ್ಲಿಷಿನ ಹೆಸರು, ನಾಲ್ಕನೆಯದರಲ್ಲಿ ಸೂತ್ರ, ಐದನೆಯದರಲ್ಲಿ ಸಂಖ್ಯೆ. ಮೈಲುತುತ್ತ, ನವಸಾಗರ, ಸುಣ್ಣ, ಪಟಿಕ, ಸೋಡಾ, ಉಪ್ಪು, ಒಂದೊಂದಾಗಿ ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ ಮೊದಲ ಕಲಂ ತುಂಬಲಿ. ಕೋಶವನ್ನು ನೋಡಿ ಕೊನೆಯ ಕಲಂ ತುಂಬಲಿ. ವಿಜ್ಞಾನದ ಉಪಾಧ್ಯಾಯರೂ ತೆಲುಗು, ಇಂಗ್ಲಿಷ್ ಉಪಾಧ್ಯಾಯರೂ ನಾನೂ ಕೂಡಿ ತಿದ್ದುತ್ತೇವೆ. ಇದಕ್ಕೆ ಹಣ ಬೇಕಿಲ್ಲ. ಇನ್ನೂರು ಪುಟದ ಒಂದು ನೋಟುಬುಕ್ಕು ಸಾಕು. ಇಂಥ ಪುಸ್ತಕವನ್ನು ದೂರದ ದೊಡ್ಡ ಕೋಶಗಳವರು ನಮಗಾಗಿ ಬರೆದುಕೊಡಲಾರರು. ಕುಂದುರ್ಪಿಯ ಮನೆಗಳಲ್ಲಿ ಯಾವುದಕ್ಕೆ ಏನೆನ್ನುತ್ತಾರೆಂಬುದು ನಮಗೇ ಗೊತ್ತು.

ಆ ಹುಡುಗಿಯ ಹಾಳೆಯನ್ನು ವಿಜ್ಞಾನದ ಉಪಾಧ್ಯಾಯರು ಕೆಂಪು ಗೀಟು ಎಳೆದು ಹಿಂದಿರುಗಿಸಲಿಲ್ಲ. ಇನ್ನೊಮ್ಮೆ ಹುಡುಕಿ ಬರೆಯಲು ಹೇಳಿದರು. ಎರಡನೆಯ ಸಲ ಅವಳು ಫ್ಲೋರೈಡ್ ಎಂದು ಬರೆದು, ಪಕ್ಕದಲ್ಲಿ ಸೂತ್ರವನ್ನೂ ಸಂಖ್ಯೆಯನ್ನೂ ಹಾಕಿ, 'ಕುದಿಸಿದರೆ ಹೋಗುವುದಿಲ್ಲ. ನೀರನ್ನು ಪರೀಕ್ಷೆಗೆ ಕಳುಹಿಸಬೇಕು' ಎಂದು ಮುಗಿಸಿದ್ದಳು. ಅಜ್ಜಿಗೆ ಹೇಳಿದೆಯಾ ಎಂದು ಕೇಳಿದೆ. 'ಹೇಳಿದೆ ಸಾರ್. ಮೊದಲೇ ಸರಿಯಾಗಿ ನೋಡಿ ಹೇಳಬಾರದಾಗಿತ್ತೇನೇ, ಅಷ್ಟು ಸೌದೆ ಉಳಿಯುತ್ತಿತ್ತು ಅಂತ ಬೈದರು' ಎಂದು ನಕ್ಕಳು.

ಅಜ್ಜಿಯ ಆ ಮಾತನ್ನು ನಮ್ಮ ಮಕ್ಕಳೆಲ್ಲರೂ ನೆನಪಿನಲ್ಲಿಡಲಿ. ಕೋಶ ಓದಬೇಕು, ನಿಜ. ಹೆಸರು ತಿಳಿದು ಓದಬೇಕು.